ಗುತ್ಯಪ್ಪ ಬ್ಯಾಂಡ್ ನೋಡಲು ಹೋದದ್ದು

ತೀರ್ಥಹಳ್ಳಿಯಿಂದ ಹೊಸನಗರದ ಮೇಲೆ ಸಾಗರಕ್ಕೆ ಹೋಗುವ ಖಾಸಗಿ ಬಸ್ಸುಗಳಲ್ಲಿ ಡ್ರೈವರ್ ಗುತ್ಯಪ್ಪನವರ ಬಸ್ಸಿಗೆ ಎರಡು ಹೆಸರು. ಮುಂದಿನ ಗಾಜಿನ ಮೇಲೆ ಬರೆದಿರುವುದು ಮಾಲೀಕರ ಮಗಳದ್ದು. ಜನ ಕರೆಯುವುದು ಮಾತ್ರ 'ಹಾಡಿನ ಬಸ್ಸು' ಎಂದು. ಹತ್ತು ನಿಮಿಷ ಮೊದಲೇ ಬರುವ ಇನ್ನೊಂದು ಬಸ್ಸನ್ನು ಬಿಟ್ಟು ಇದಕ್ಕೇ ಕಾಯುವವರು ಹೊಸನಗರದ ಸ್ಟ್ಯಾಂಡಿನಲ್ಲಿ ಏಳೆಂಟು ಮಂದಿಯಾದರೂ ಇದ್ದೇವೆ. ನಾನು ಸಾಗರದ ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಪಟಗುಪ್ಪ ಸೇತುವೆಯಾಗಿ ಸಾಗರ ಹತ್ತಿರವಾದಾಗಿನಿಂದ ದಿನವೂ ಇದೇ ಬಸ್ಸು, ಡ್ರೈವರ್ ಹಿಂದಿನ ಎರಡನೇ ಸೀಟು.

ಗುತ್ಯಪ್ಪನವರಿಗೆ ಈಗ ಐವತ್ತಾರು. ಕುಳ್ಳಗಿನ ಮೈಕಟ್ಟು, ತುಂಬು ಮೀಸೆ, ಸೆಕೆಯಲ್ಲೂ ಕೊರಳ ಗುಂಡಿ ಹಾಕಿದ ಖಾಕಿ ಅಂಗಿ. ಕ್ಯಾಸೆಟ್ಟಿನ ಕಾಲದಲ್ಲಿ ಸ್ಟೇರಿಂಗ್ ಹಿಡಿದವರು ಸಿ.ಡಿ.ಯ ಕಾಲ ದಾಟಿ ಪೆನ್‌ಡ್ರೈವ್‌ಗೆ ಬಂದಿದ್ದಾರೆ. ಬೆಳಗಿನ ಮೊದಲ ಅರ್ಧ ಗಂಟೆ ದೇವರ ಹಾಡು. ಆಮೇಲಿನದ್ದೆಲ್ಲ ಹತ್ತಿದವರ ಮುಖ ನೋಡಿ. ಪರೀಕ್ಷೆಗೆ ಹೋಗುವ ಮಕ್ಕಳಿದ್ದರೆ ದನಿ ತಗ್ಗುತ್ತದೆ. ಸಾವಿನ ಮನೆಗೆ ಹೊರಟವರು ಹತ್ತಿದರೆ ಅದು ಗುತ್ಯಪ್ಪನವರಿಗೆ ಹೇಗೋ ಗೊತ್ತಾಗಿಬಿಡುತ್ತದೆ. ಅವರು ಇಳಿಯುವ ತನಕ ಹಾಡು ಬಂದ್.

ಒಂದು ವಿಷಯ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಸೇತುವೆ ಬರುವಾಗ ಇರುವುದರಲ್ಲೇ ಒಳ್ಳೆಯ ಹಾಡನ್ನು ಹುಡುಕಿ ಹಾಕುತ್ತಿದ್ದರು, ಜೊತೆಗೆ ದನಿಯನ್ನೂ ಸ್ವಲ್ಪ ಏರಿಸುತ್ತಿದ್ದರು. ಎರಡೂ ಕಡೆ ಹಿನ್ನೀರು, ಕೆಳಗೆ ಶರಾವತಿ. ನೋಡಲು ಚೆನ್ನಾಗಿದೆ, ಅದಕ್ಕಿರಬೇಕು ಅಂದುಕೊಂಡಿದ್ದೆ. ಒಂದು ದಿನ ಕೇಳಿಯೇಬಿಟ್ಟೆ.

"ನಮ್ಮ ಅಪ್ಪನ ಊರು ಇಲ್ಲೇ ಕೆಳಗೆ ಇದೆ ಮೇಡಮ್," ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ. "ಡ್ಯಾಮ್ ಆದಾಗ ಮುಳುಗಿದ್ದು. ಅಜ್ಜ, ಅಜ್ಜಿ ಮಣ್ಣಾಗಿದ್ದೂ ಅಲ್ಲೇ. ದಿನಾ ತಲೆ ಮೇಲೆ ಬಸ್ಸು ಓಡಿಸ್ತೀನಲ್ಲ, ಒಂದೊಳ್ಳೆ ಹಾಡಾದ್ರೂ ಕೇಳ್ಲಿ ಅಂತ."

ಇಂಥ ಗುತ್ಯಪ್ಪನವರಿಗೆ ಬ್ಯಾಂಡಿನ ಹುಚ್ಚು ಹಿಡಿಸಿದವಳು ಯಶಸ್ವಿನಿ. ನಮ್ಮ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ಹುಡುಗಿ, ಹೊಸನಗರದಲ್ಲಿ ನನ್ನ ಜೊತೆಗೇ ಬಸ್ಸು ಹತ್ತುತ್ತಾಳೆ. ಒಂದು ಬೆಳಿಗ್ಗೆ ಅವಳು ಡ್ರೈವರ್ ಪಕ್ಕದ ಇಂಜಿನ್ ಪೆಟ್ಟಿಗೆಯ ಮೇಲೆ ಕೂತು, "ಗುತ್ಯಪ್ಪಣ್ಣ, ಬರೀ ಸಿನಿಮಾ ಹಾಡೇ ಆಯ್ತಲ್ಲ. ಇದೊಂದು ಹಾಕಿ ನೋಡಿ," ಎಂದು ಪೆನ್‌ಡ್ರೈವ್ ಕೊಟ್ಟಳು. ಅದರಲ್ಲಿದ್ದದ್ದು 'ಕಲ್ಲುಬಾಳೆ' ಎಂಬ ಬ್ಯಾಂಡಿನ ಒಂಬತ್ತು ಹಾಡು. ನಾಲ್ಕೇ ಜನರ ತಂಡ. ಹಾಡುವವಳು ಒಬ್ಬಳು ಹುಡುಗಿ, ಉಳಿದವರು ಗಿಟಾರು, ಡ್ರಮ್ಮು.

ಕಂಡಕ್ಟರ್ ಮುಕುಂದಯ್ಯನವರಿಗೆ ಯಕ್ಷಗಾನ ಬಿಟ್ಟರೆ ಮಿಕ್ಕಿದ್ದೆಲ್ಲ ಗಲಾಟೆ. "ಎಂತ ಮಾರಾಯ ಇದು, ತಗಡು ಬಡಿದ ಹಾಗೆ!" ಎಂದು ಹಿಂದಿನ ಬಾಗಿಲಿನಿಂದ ಕೂಗಿದರು. ಆದರೆ ಗುತ್ಯಪ್ಪ ನಾಲ್ಕನೇ ಹಾಡಿಗೆ ಸಿಕ್ಕಿಬಿದ್ದಾಗಿತ್ತು.

ಕೊನೆಯ ಬಸ್ಸು ಹೋದ ಮೇಲೆ
ನಡೆದೇ ಬಂದೆ ನಾನು

ಅದನ್ನು ಪೂರ್ತಿ ಕೇಳಿ, "ಛೆ, ಅದ್ಯಾವ ಡ್ರೈವರೋ ಬಿಟ್ಟು ಹೋದ. ಒಂದು ನಿಮಿಷ ನಿಂತಿದ್ರೆ ಎಂತ ಆಗ್ತಿತ್ತು?" ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಅವರು ನಗಲಿಲ್ಲ.

ಆ ಹಾಡು ಸೇತುವೆಯ ಹಾಡಾಯಿತು. ಸೇತುವೆಗೆ ಮೊದಲು ಸಿಗುವ ಚಹಾ ಅಂಗಡಿಯ ತಿರುವಿನಲ್ಲಿ ಶುರು ಮಾಡಿದರೆ, ಮುಂದಿನ ಚಕ್ರ ಸೇತುವೆಗೆ ಹತ್ತುವ ಹೊತ್ತಿಗೆ ಸರಿಯಾಗಿ ಪಲ್ಲವಿ ಬರುತ್ತಿತ್ತು. ಆ ಲೆಕ್ಕ ಹಿಡಿಯಲು ಅವರಿಗೆ ಒಂದು ವಾರ ಬೇಕಾಯಿತು. ಹಿಡಿದ ಮೇಲೆ ಒಂದು ದಿನವೂ ತಪ್ಪಲಿಲ್ಲ. ಕ್ರಮೇಣ ನಾವೂ ದನಿಗೂಡಿಸತೊಡಗಿದೆವು. ಮುಕುಂದಯ್ಯ ಮಾತ್ರ ಆ ಹೊತ್ತಿಗೆ ಟಿಕೆಟಿನ ಮಿಷನ್ ಕಡೆ ನೋಡುತ್ತಾ ನಿಂತಿರುತ್ತಿದ್ದರು.

ಡಿಸೆಂಬರಿನಲ್ಲಿ ಯಶಸ್ವಿನಿ ಫೋನು ಹಿಡಿದುಕೊಂಡೇ ಬಸ್ಸು ಹತ್ತಿದಳು. ಸಾಗರದಲ್ಲಿ, ಜೋಗದ ರಸ್ತೆಯ ಬದಿಯ ಬಯಲಿನಲ್ಲಿ, ಜನವರಿಯಲ್ಲಿ ಎರಡು ದಿನ ಬ್ಯಾಂಡ್ ಹಬ್ಬ. ಹನ್ನೊಂದು ತಂಡ. ಭಾನುವಾರ ಸಂಜೆ ಐದಕ್ಕೆ ಕಲ್ಲುಬಾಳೆ.

"ಅವ್ರೇ ಬರ್ತಾರಾ? ಹಾಡಿದವ್ರೇ?"

"ಅವ್ರೇ ಅಣ್ಣ. ನಿಮ್ಮ ಎದುರಿಗೇ ಹಾಡ್ತಾರೆ."

ಮುಂದಿನ ಸ್ಟಾಪಿನಲ್ಲಿ ಗುತ್ಯಪ್ಪ ಬಸ್ಸು ನಿಲ್ಲಿಸಿದರು. ಆಮೇಲೆ ಕನ್ನಡಿಯಲ್ಲಿ ನನ್ನ ಕಡೆ ನೋಡಿ, "ಇಷ್ಟು ವರ್ಷ ಹಾಡು ಹಾಕಿದೀನಿ ಮೇಡಮ್. ಹಾಡೋರನ್ನ ಒಂದ್ಸಲನೂ ಕಂಡಿಲ್ಲ," ಎಂದರು.

ಮುಕುಂದಯ್ಯ ಸುಮ್ಮನಿರಲಿಲ್ಲ. "ಐವತ್ತಾರಾಯ್ತು ನಿಂಗೆ. ಆ ಹುಡುಗರ ಮಧ್ಯ ಕುಣಿಯೋಕೆ ಹೋಗ್ತೀಯಾ?"

"ಕುಣಿಯೋದಿಲ್ಲ ಮಾರಾಯ. ನೋಡ್ಕಂಡು ಬರ್ತೀನಿ ಅಷ್ಟೆ."

ರಜೆ ಕೇಳಿದಾಗ ಮಾಲೀಕರು ಯಾರಿಗೋ ಮೈಗೆ ಸರಿಯಿಲ್ಲ ಎಂದೇ ತಿಳಿದರಂತೆ. ಮಗಳ ಮದುವೆಗೆ ಎರಡೇ ದಿನ ರಜೆ ಹಾಕಿದ ಮನುಷ್ಯ. ಬ್ಯಾಂಡು ನೋಡಬೇಕು ಎಂದಾಗ ಮಾಲೀಕರು ಮಧ್ಯಾಹ್ನದ ಮೇಲಿನ ಟ್ರಿಪ್ಪಿಗೆ ಬೇರೆ ಡ್ರೈವರನ್ನು ಕಳಿಸಲು ಒಪ್ಪಿದರು.

ಆ ಭಾನುವಾರ ಸಾಗರದವರೆಗೆ ಗುತ್ಯಪ್ಪನವರೇ ಬಸ್ಸು ತಂದರು. ನಾನೂ ಯಶಸ್ವಿನಿಯೂ ಅದರಲ್ಲೇ ಬಂದೆವು. ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಬದಲಿ ಡ್ರೈವರಿಗೆ ಮೂರನೇ ಗೇರು ಎಲ್ಲಿ ಹಟ ಮಾಡುತ್ತದೆ ಎಂದು ಎರಡೆರಡು ಸಲ ಹೇಳಿ, ಮುಖ ತೊಳೆದು, ಹೆಂಡತಿ ರೇಣುಕಮ್ಮ ಇಸ್ತ್ರಿ ಮಾಡಿಕೊಟ್ಟಿದ್ದ ತಿಳಿಹಳದಿ ಅಂಗಿ ಹಾಕಿಕೊಂಡು ಬಂದರು. ಖಾಕಿ ಇಲ್ಲದ ಗುತ್ಯಪ್ಪನವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮದುವೆಗೆ ಹೊರಟ ಹಾಗೆ ಕಂಡರು.

ಗೇಟಿನಲ್ಲಿ ಟಿಕೆಟ್ ನೋಡಿ ಕೈಗೆ ಕೆಂಪು ಪಟ್ಟಿ ಕಟ್ಟುತ್ತಿದ್ದ ಹುಡುಗಿಗೆ, "ಎಡಗೈ ಬೇಡಮ್ಮ, ಅದು ಗೇರಿನ ಕೈ," ಎಂದು ಬಲಗೈ ಚಾಚಿದರು.

ಒಳಗೆ ವೇದಿಕೆಯ ಮೇಲೆ ಯಾರೋ ಒಬ್ಬ ಬಂದು, "ಹಲೋ, ಚೆಕ್, ಒನ್, ಟೂ," ಎನ್ನುತ್ತಿದ್ದ. ಡ್ರಮ್ಮಿಗೆ ಒಂದೇಟು, ಗಿಟಾರಿನ ಒಂದು ತಂತಿ, ಮತ್ತೆ ಚೆಕ್. ಹತ್ತು ನಿಮಿಷ ಹೀಗೇ ನಡೆದು ನಿಂತಾಗ ಗುತ್ಯಪ್ಪ ಜೋರಾಗಿ ಚಪ್ಪಾಳೆ ತಟ್ಟಿದರು. "ಅಣ್ಣ, ಅದು ಹಾಡಲ್ಲ, ಮೈಕ್ ನೋಡಿದ್ದು!" ಎಂದು ಯಶಸ್ವಿನಿ ಪಿಸುಗುಟ್ಟಿದಳು. ಆದರೆ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ ಹುಡುಗರು ಅಷ್ಟರಲ್ಲಿ ಅವರ ಜೊತೆ ತಟ್ಟತೊಡಗಿದ್ದರು. ಅವರಿಂದ ಆಚೆಯವರು, ಆಮೇಲೆ ಇಡೀ ಬಯಲು. ಮೈಕಿನವನು ಗಾಬರಿಯಾಗಿ ಹಿಂದೆ ತಿರುಗಿ ನೋಡಿ, ಯಾರೂ ಇಲ್ಲದ್ದು ಕಂಡು ತಾನೇ ಬಗ್ಗಿ ಕೈ ಮುಗಿದ.

ಮೊದಲ ತಂಡ ಜನಪದ ಹಾಡುಗಳನ್ನು ಗಿಟಾರಿಗೆ ಹೊಂದಿಸಿಕೊಂಡಿತ್ತು. ಚೆನ್ನಾಗಿತ್ತು. ಎರಡನೆಯದು ಕಪ್ಪು ಅಂಗಿಯ ಐದು ಜನ. ಹಾಡುವವನು ಹಾಡಲಿಲ್ಲ, ಗಂಟಲಿನ ತಳದಿಂದ ಗುಡುಗಿದ. ನೆಲ ಅದುರಿತು, ನನ್ನ ಎದೆಯೊಳಗೆ ಯಾರೋ ಲಾರಿ ಸ್ಟಾರ್ಟ್ ಮಾಡಿದ ಹಾಗಾಯಿತು. ನಾನು ಕಿವಿ ಮುಚ್ಚಿಕೊಂಡು ಹಿಂದೆ, ಮಂಡಕ್ಕಿ ಅಂಗಡಿಯ ತನಕ ಹೋದೆ. ತಿರುಗಿ ನೋಡಿದರೆ ಗುತ್ಯಪ್ಪ ಮುಂದಕ್ಕೆ ಹೋಗಿ, ಬದಿಯಿಂದ ಡ್ರಮ್ಮಿನವನನ್ನೇ ಬಗ್ಗಿ ಬಗ್ಗಿ ನೋಡುತ್ತಿದ್ದರು.

ಮುಗಿದ ಮೇಲೆ ಬಂದು ಹೇಳಿದರು: "ಎರಡು ಕಾಲೂ ಬೇರೆಬೇರೆ ಕೆಲಸ ಮಾಡ್ತವೆ ಮೇಡಮ್. ಕ್ಲಚ್ಚು, ಬ್ರೇಕಿನ ಹಾಗೆ. ಕೈ ಅದರ ಪಾಡಿಗೆ ಅದು. ಕಣ್ಣು ಎದುರಿಗೆ. ನಮ್ಮದೇ ಕಸುಬು ಅದು."

"ಆ ಕೂಗಾಟ?"

"ಅದು ಹಾರನ್ನು ಅಂದ್ಕೊಳ್ಳಿ."

ಐದು ಗಂಟೆಗೆ ಕಲ್ಲುಬಾಳೆ ಬಂತು. ಹಾಡುವ ಹುಡುಗಿ ಹರಿಪ್ರಿಯಾ ಮೈಕಿನ ಮುಂದೆ ನಿಂತಾಗ ಗುತ್ಯಪ್ಪ ನನ್ನ ಕಡೆ ತಿರುಗಿ, "ಇಷ್ಟೇ ಇಷ್ಟಿದಾಳೆ!" ಎಂದರು. ಕನ್ನಡಕ, ಹತ್ತಿಯ ಕುರ್ತಾ, ಬರಿಗಾಲು. ಅಂಥ ಆಳದ ದನಿ ಆ ಮೈಯಲ್ಲಿ ಎಲ್ಲಿತ್ತೋ. ಮೊದಲ ಎರಡು ಹಾಡಿಗೆ ಗುತ್ಯಪ್ಪನವರ ತುಟಿ ಅಲುಗುತ್ತಲೇ ಇತ್ತು. ಮೂರನೆಯದಕ್ಕೆ ಗಿಟಾರು ಎರಡು ಸ್ವರ ನುಡಿದ ಕೂಡಲೇ ಅವರು ನೆಟ್ಟಗಾದರು. ಕೊನೆಯ ಬಸ್ಸಿನ ಹಾಡು.

ಆದರೆ ಅದು ನಮಗೆ ಗೊತ್ತಿದ್ದ ಹಾಡಾಗಿರಲಿಲ್ಲ. ಬಸ್ಸಿನಲ್ಲಿ ಓಡುತ್ತಿದ್ದದ್ದು ಇಲ್ಲಿ ನಡೆಯುತ್ತಿತ್ತು. ಒಂದು ಸಾಲು ಹಾಡಿ ಅವಳು ನಿಲ್ಲಿಸುತ್ತಿದ್ದಳು, ಗಿಟಾರು ಸುತ್ತಿ ಸುತ್ತಿ ಎಲ್ಲೆಲ್ಲೋ ಹೋಗಿ ಬರುತ್ತಿತ್ತು. ಬರಬೇಕಾದಲ್ಲಿ ಪಲ್ಲವಿ ಬರಲಿಲ್ಲ. ಬಂದಾಗ ಅರ್ಧವೇ ಬಂತು. ಸುತ್ತಲಿದ್ದ ಹುಡುಗರೆಲ್ಲ ಕಣ್ಣು ಮುಚ್ಚಿ ತೂಗುತ್ತಿದ್ದರೆ ಗುತ್ಯಪ್ಪ ಕೈ ಕಟ್ಟಿ ನಿಂತಿದ್ದರು. ಮುಖ ಬಿಗಿದಿತ್ತು.

"ಇದು ನಮ್ಮ ಹಾಡಲ್ಲ," ಎಂದರು.

"ಲೈವ್ ಅಂದ್ರೆ ಹಂಗೇ ಅಣ್ಣ," ಎಂದಳು ಯಶಸ್ವಿನಿ.

"ಎಂತ ಹಂಗೆ? ಸೇತುವೆ ದಾಟಿ ಆಚೆ ದಡಕ್ಕೆ ಹೋದ್ರೂ ಪಲ್ಲವಿ ಬರ್ಲಿಲ್ಲ."

ಅವಳಿಗೆ ನಗು ಬಂತು. ನನಗೆ ಬರಲಿಲ್ಲ. ಅವರಿಗೆ ನಿಜವಾಗಿಯೂ ನೋವಾಗಿತ್ತು. ಇಷ್ಟು ದಿನ ಜೋಪಾನ ಮಾಡಿದ್ದನ್ನು ಅದರ ಒಡೆಯರೇ ಬಂದು ಕೆಡಿಸಿದ ಹಾಗೆ. ಹಾಡು ಹನ್ನೊಂದು ನಿಮಿಷ ನಡೆಯಿತು. ಕೈ ಗಡಿಯಾರ ನೋಡಿ ಅವರೇ ಹೇಳಿದರು.

ಆಮೇಲೆ ಹರಿಪ್ರಿಯಾ, "ಇದು ಹೊಸದು. ಇನ್ನೂ ರೆಕಾರ್ಡ್ ಮಾಡಿಲ್ಲ. ಯಾರೂ ಕೇಳಿಲ್ಲ," ಎಂದು ಇನ್ನೊಂದು ಶುರು ಮಾಡಿದಳು. ಮಳೆಗಾಲ ಮುಗಿದ ಮೇಲೆ ಕೊಡೆಯನ್ನು ಎಲ್ಲೋ ಮರೆತವನ ತಮಾಷೆಯ ಹಾಡು. ನಡುವೆ ಡ್ರಮ್ಮಿನ ಹುಡುಗ ಇದ್ದಕ್ಕಿದ್ದಂತೆ ವೇಗ ಏರಿಸಿದ, ಇಳಿಸಿದ, ಮತ್ತೆ ಏರಿಸಿದ. ಗುತ್ಯಪ್ಪನವರ ಕಟ್ಟಿದ ಕೈ ಬಿಚ್ಚಿತು. ಹಾಡು ಎಲ್ಲಿ ತಿರುಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಒಂದೊಂದು ತಿರುವಿಗೂ "ಓ!" ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷ ಒಂದೊಂದು ಹೊಂಡವೂ ಗೊತ್ತಿರುವ ರಸ್ತೆಗಳಲ್ಲೇ ಓಡಾಡಿದ ಮನುಷ್ಯ. ಸ್ವಲ್ಪ ಹೊತ್ತಿಗೆ ನೋಡಿದರೆ ನನ್ನ ಪಕ್ಕದಲ್ಲಿ ಇರಲಿಲ್ಲ. ಹುಡುಗರ ನಡುವೆ, ವೇದಿಕೆಯ ಕಟಕಟೆಗೆ ತಾಗಿ, ಆ ಹಳದಿ ಅಂಗಿ ಏರಿ ಇಳಿಯುತ್ತಿತ್ತು.

"ಕುಣೀತಿದಾರೆ!" ಎಂದಳು ಯಶಸ್ವಿನಿ. "ವಿಡಿಯೋ ಮಾಡಿ ಮುಕುಂದಯ್ಯಂಗೆ ತೋರಿಸ್ಲಾ?"

"ಬೇಡ, ಸುಮ್ನಿರು," ಎಂದೆ.

ಮುಗಿದ ಮೇಲೆ ಬದಿಯಲ್ಲಿ ಬ್ಯಾಂಡಿನವರು ಟೀ ಕುಡಿಯುತ್ತ ನಿಂತಿದ್ದರು. ಗುತ್ಯಪ್ಪ ನಮ್ಮನ್ನು ಕೇಳದೆ ಅಲ್ಲಿಗೇ ಹೋದರು. ಮೊದಲು ಡ್ರಮ್ಮಿನ ಹುಡುಗ ಚಿರಂತನನಿಗೆ, "ಮಂಡಿ ನೋವು ಬರುದಿಲ್ವಾ ನಿಮ್ಗೆ?" ಎಂದು ವಿಚಾರಿಸಿದರು. ಬರುತ್ತದೆ ಎಂದು ಅವನು ಒಪ್ಪಿಕೊಂಡ. ಯಾವ ಎಣ್ಣೆ ತಿಕ್ಕಬೇಕು ಎಂದು ಹೇಳಿ, ಆಮೇಲೆ ಹರಿಪ್ರಿಯಾಳ ಕಡೆ ತಿರುಗಿದರು.

"ಬಸ್ಸಿನ ಹಾಡು ಉದ್ದ ಮಾಡಿಬಿಟ್ರಿ ನೀವು."

ಅವಳು ತಬ್ಬಿಬ್ಬಾದಳು. ಅವರು ಬಸ್ಸಿನ ವಿಷಯ ಹೇಳಿದರು. ಚಹಾ ಅಂಗಡಿಯ ತಿರುವು, ಸೇತುವೆ, ನೀರಿನ ಕೆಳಗಿನ ಊರು, ಅಜ್ಜ, ಅಜ್ಜಿ. ಸುತ್ತ ನಿಂತಿದ್ದ ನಾಲ್ವರೂ ಲೋಟ ಹಿಡಿದೇ ಕೇಳಿದರು.

"ದಿನಾ ಹಾಕ್ತೀರಾ?" ಎಂದಳು ಅವಳು ಕೊನೆಗೆ.

"ದಿನಾ. ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ."

ಅವಳು ಕನ್ನಡಕ ತೆಗೆದು ಕುರ್ತಾದ ಅಂಚಿನಿಂದ ಒರೆಸಿದಳು. "ನಾವು ಅದನ್ನ ಪ್ರತಿ ಸಲ ಬೇರೆ ಥರ ಹಾಡ್ತೀವಿ ಅಂಕಲ್. ನಿಮ್ಮ ಪೆನ್‌ಡ್ರೈವ್‌ನಲ್ಲಿ ಇರೋದು ಒಂದು ದಿನ ಹಾಡಿದ್ದು, ಅಷ್ಟೆ."

ಗುತ್ಯಪ್ಪ ಯೋಚಿಸಿದರು. "ಹಂಗಾರೆ ಇವತ್ತಿಂದು?"

"ಇವತ್ತಿಗೆ ಮುಗೀತು."

"ಮತ್ತೆ ಸಿಗುದಿಲ್ವಾ?"

"ಇಲ್ಲ."

"ಛೆ," ಎಂದರು ಗುತ್ಯಪ್ಪ. "ನಾನು ಅದನ್ನ ಪೂರ್ತಿ ಸಿಟ್ಟಲ್ಲೇ ಕಳೆದೆನಲ್ಲ ಮಾರಾಯ್ತಿ."

ಏಳೂವರೆಯ ಬಸ್ಸಿಗೆ ನಾವು ಮೂವರೂ ವಾಪಸು ಹೊರಟೆವು. ಬೇರೆಯವರ ಬಸ್ಸು. ಗುತ್ಯಪ್ಪ ಕಿಟಕಿಯ ಸೀಟಿನಲ್ಲಿ ಪ್ರಯಾಣಿಕರಾಗಿ ಕೂತರು. ಆ ಬಸ್ಸಿನಲ್ಲಿ ಹಾಡೇ ಇರಲಿಲ್ಲ. ಅವರು ಕೊಡೆಯ ಹಾಡನ್ನು ನೆನಪಿದ್ದಷ್ಟು ಗುನುಗುತ್ತಾ, ನೆನಪಿಲ್ಲದಲ್ಲಿ ತಾವೇ ಏನೋ ಸೇರಿಸುತ್ತಾ, ಎರಡು ಕಾಲಿನಲ್ಲೂ ತಾಳ ಹಾಕಲು ಪ್ರಯತ್ನಿಸುತ್ತಿದ್ದರು. ಎಡಗಾಲು ಬಲಗಾಲಿನ ಮಾತು ಕೇಳುತ್ತಿರಲಿಲ್ಲ. ಹೊಸನಗರದಲ್ಲಿ ನಾವು ಇಳಿಯುವ ತನಕವೂ ಅದೇ ಕೆಲಸ.

ಮಾರನೇ ದಿನ ಮುಕುಂದಯ್ಯ, "ಹೆಂಗಿತ್ತು ತಗಡು?" ಎಂದು ಕೇಳಿದರು. "ನೀನೂ ಬಾ ಒಂದ್ಸಲ, ಬಾಯಲ್ಲಿ ಹೇಳುದಲ್ಲ ಅದು," ಎಂದಷ್ಟೇ ಉತ್ತರ.

ಫೆಬ್ರವರಿಯಲ್ಲಿ ಕಲ್ಲುಬಾಳೆ ತೀರ್ಥಹಳ್ಳಿಯ ಕಾಲೇಜೊಂದರ ಕಾರ್ಯಕ್ರಮಕ್ಕೆ ಬಂತು. ನಾನೂ ಹೋಗಿದ್ದೆ. ಆ ಸಲ ಗುತ್ಯಪ್ಪ ಹದಿನೈದು ದಿನ ಮೊದಲೇ ಬರವಣಿಗೆಯಲ್ಲಿ ರಜೆ ಕೇಳಿದ್ದರು. ರೇಣುಕಮ್ಮನವರನ್ನೂ ಕರೆತಂದಿದ್ದರು. ಅವರು ಮೊದಮೊದಲು ಮುಜುಗರದಿಂದ ಸೆರಗು ಹೊದ್ದು ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಬಸ್ಸಿನ ಹಾಡು ಬಂತು, ಈ ಸಲ ಮತ್ತೂ ಬೇರೆ ಥರ, ಬರೀ ಒಂದು ಗಿಟಾರಿನ ಜೊತೆ. ಗುತ್ಯಪ್ಪ ಗಡಿಯಾರ ನೋಡಲಿಲ್ಲ. ಅಂಗೈ ಮಂಡಿಯ ಮೇಲಿಟ್ಟು, ಎಲ್ಲಿಗೆ ಕರಕೊಂಡು ಹೋದರೆ ಅಲ್ಲಿಗೆ ಹೋಗುವವರ ಹಾಗೆ ಕೂತು ಕೇಳಿದರು.

ಎಲ್ಲ ಮುಗಿದು ಜನ ಏಳತೊಡಗಿದಾಗ ಅವರು ಹೆಂಡತಿಗೆ, "ಹೋಗಣಾ?" ಎಂದರು.

ರೇಣುಕಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. "ಇರಿ ಮಾರಾಯ್ರೆ, ಎಂತ ಅವಸರ? ಆ ಹುಡುಗಿ ಇನ್ನೊಂದು ಹಾಡ್ತಾಳಾ ಕೇಳ್ಕಂಡು ಬನ್ನಿ."

ಗುತ್ಯಪ್ಪ ಅಂಗಿ ಸರಿ ಮಾಡಿಕೊಂಡು ವೇದಿಕೆಯ ಕಡೆ ನಡೆದರು.