ಮೂಸಿ ಕೊಡುವ ಪುಸ್ತಕದಂಗಡಿ
ಅಂಗಡಿಯೊಳಗೆ ಯಾರಾದರೂ ಮೊಬೈಲು ತೆಗೆದರೆ ಸಾಕು, ಪುಸ್ತಕದಂಗಡಿ ಯಜಮಾನರಿಗೆ ಮೈಯೆಲ್ಲ ಉರಿದುಹೋಗುತ್ತದೆ. "ಗಾಜು ಉಜ್ಜೋದೂ ಒಂದು ಓದೇನ್ರೀ?" ಎಂದು ಗಿರಾಕಿಯನ್ನು ಬಾಗಿಲ ತನಕ ಅಟ್ಟಿ ಬರುತ್ತಾರೆ. ಯಾವ ಪುಸ್ತಕ ಕೇಳಿದರೂ ಕಪಾಟಿಗೆ ಕೈಹಾಕಿ, ಬೆನ್ನು ಸವರಿ, ಒಮ್ಮೆ ಮೂಸಿ, ಅದನ್ನೇ ಎಳೆದುಕೊಡುವುದು ಅವರ ಗತ್ತು. "ನಮ್ಮಪ್ಪನ ಮೂಗಿಗೂ ಓದೋಕೆ ಬರುತ್ತೆ" ಎಂದು ಮಗಳು ಕಂಡವರಿಗೆಲ್ಲ ಹೇಳಿಕೊಂಡು ಮೆರೆಯುತ್ತಾಳೆ. ಇವತ್ತು ಊಟದ ಡಬ್ಬಿ ತಂದವಳು ಕಪಾಟಿನ ಹಿಂದೆ ಇಣುಕಿ ಬೆಚ್ಚಿಬಿದ್ದಳು. ಅಪ್ಪ ಮೊಬೈಲಿನಲ್ಲಿ ಕಾದಂಬರಿ ಓದುತ್ತಿದ್ದಾರೆ! ಪರದೆಯ ತುಂಬ ನಾಲ್ಕೇ ಅಕ್ಷರ, ಒಂದೊಂದೂ ಹೆಬ್ಬೆಟ್ಟಿನಷ್ಟು ದಪ್ಪ. "ಅಪ್ಪಾ, ನೀವೂನಾ?" "ಬೈಬೇಡ ಕಣೇ. ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡೋಕೆ ಬರಲ್ವಲ್ಲ." ಮಗಳು ಡಬ್ಬಿ ಕೆಳಗಿಟ್ಟಳು. "ಕಣ್ಣು ಯಾವಾಗಿಂದ ಹೀಗೆ?" ಅಪ್ಪ ಮೊಬೈಲನ್ನು ಮೆಲ್ಲಗೆ ಜೇಬಿಗಿಳಿಸಿದರು. "ಮೂಸೋಕೆ ಶುರುಮಾಡಿದೆನಲ್ಲ, ಆವಾಗಿಂದ."