ಫಹಾಹೀಲ್ ಹುಡುಗಿಯರನ್ನು ಊಟಕ್ಕೆ ಕರೆದದ್ದು

ಮೊನ್ನೆ ಮಗಳ ಉಳುಕಿದ ಕಾಲಿಗೆ ನೀಲಗಿರಿ ಎಣ್ಣೆ ಹಚ್ಚುತ್ತಿದ್ದೆ. ಆ ಘಾಟು ಮೂಗಿಗೆ ಹೊಡೆದದ್ದೇ ತಡ, ನಮ್ಮ ವಾಲಿಬಾಲ್ ಸರ್ ಎದುರಿಗೇ ಬಂದು ನಿಂತ ಹಾಗಾಯಿತು. ಉಡುಪಿ ಕಡೆಯವರು. ಅವರ ಚೀಲದಲ್ಲಿ ಬೇರೇನಿರದಿದ್ದರೂ ಈ ಎಣ್ಣೆಯ ಸೀಸೆ ಇದ್ದೇ ಇರುತ್ತಿತ್ತು...

ನಾನಾಗ ಕುವೈತಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದೆ, ಹುಡುಗಿಯರ ತಂಡದಲ್ಲಿ ಆಡುತ್ತಿದ್ದೆ. ಇಲ್ಲಿಯ ಕಾಲೇಜುಗಳದ್ದೇ ಒಂದು ಪುಟ್ಟ ಲೀಗ್. ಅದರಲ್ಲಿ ಸರ್ ಶುರುಮಾಡಿದ ಪದ್ಧತಿಯೊಂದಿತ್ತು. ಯಾರ ಕೋರ್ಟಿನಲ್ಲಿ ಪಂದ್ಯವೋ ಅವರೇ ಎದುರಾಳಿಗಳಿಗೆ ಊಟ ಹಾಕಬೇಕು. ಫಹಾಹೀಲ್ ಕಾಲೇಜಿನ ಹುಡುಗಿಯರು ನಮ್ಮನ್ನು ಸೋಲಿಸಿ, ಮೇಲಿಂದ ಹೊಟ್ಟೆ ಬಿರಿಯುವಷ್ಟು ಬಡಿಸಿ ಕಳಿಸಿದ್ದರು.

ಅಷ್ಟರಲ್ಲಿ ನಮ್ಮ ವಿಶ್ವವಿದ್ಯಾಲಯ ಆ ಲೀಗ್ ಬಿಟ್ಟು ಗಲ್ಫ್ ದೇಶಗಳ ದೊಡ್ಡ ಲೀಗ್ ಸೇರಿತು. ಹೆಸರು ಬರುತ್ತದಂತೆ, ದೂರದಿಂದೆಲ್ಲ ವಿದ್ಯಾರ್ಥಿಗಳು ಬರುತ್ತಾರಂತೆ! ಬಂದರೂ ಬಂದಿರಬಹುದು. ಆದರೆ ಆ ಲೀಗಿನಲ್ಲಿ ಹುಡುಗರಿಗೆ ಮಾತ್ರ ಆಟ. ಅವರು ವಿಮಾನ ಹತ್ತಿದರು, ನಮ್ಮ ಗ್ಯಾಲರಿ ಖಾಲಿ ಹೊಡೆಯಿತು, ನಮ್ಮ ತಂಡವನ್ನು ಮುಚ್ಚಿದರು. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಕ್ರೀಡಾ ವಿಭಾಗದ ಮ್ಯಾನೇಜರ್ ಬೆಂಗಳೂರಿನವರು. "ಖಲಾಸ್ ಸರ್, ಆ ಲೀಗ್ ಬಿಟ್ಟಾಯ್ತಲ್ಲ. ನೀವಿನ್ನು ಹುಡುಗರ ಟೀಮ್ ನೋಡ್ಕೊಳ್ಳಿ" ಅಂದರು.

"ಲೀಗ್ ಬಿಟ್ಟದ್ದು ನೀವು ಮಾರಾಯ್ರೆ. ಅವರಲ್ಲಿ ಉಂಡು ಬಂದದ್ದು ನಾವು. ತಿರುಗಿ ಕರೆಯದೆ ಕೂತ್ಕೊಳ್ಳಲಿಕ್ಕೆ ಆಗ್ತದಾ?" ಅಂದರು ಸರ್.

ಶುಕ್ರವಾರ ಹಾಲ್ ತೆರೆಸಿ ತಾವೇ ನೆಟ್ ಕಟ್ಟಿದರು. ಮೈದಾನ್ ಹವಲ್ಲಿ ಬಡಾವಣೆಯ ನಮ್ಮ ಫ್ಲ್ಯಾಟಿನಿಂದ ಅಮ್ಮ ನೀರುದೋಸೆ, ಕೋಳಿ ಸಾರು ಕಳಿಸಿದರು. ಫಹಾಹೀಲ್‌ನವರು ಬಂದರು. ಆಡಿದೆವು, ಮತ್ತೆ ಸೋತೆವು, ಒಟ್ಟಿಗೆ ಕೂತು ಉಂಡೆವು... ಆಹಾ, ಸೋತ ಮೇಲೂ ಅಷ್ಟು ಖುಷಿ ನಾನು ಕಂಡಿರಲಿಲ್ಲ.

ಹೇಳಿದ ಮಾತು ಕೇಳಲಿಲ್ಲವೆಂದು ಆ ವರ್ಷವೇ ಸರ್ ಕೆಲಸ ಹೋಯಿತು, ಜೊತೆಗೆ ಈ ದೇಶದಲ್ಲಿರಲು ಬೇಕಾದ ಇಕಾಮಾವೂ. ಏರ್‌ಪೋರ್ಟಿನಲ್ಲಿ ಅತ್ತವರು ನಾವು. "ಅಳುವಂಥದ್ದು ಎಂತ ಆಗಿದೆ? ಇನ್ನು ಕರೆಯುವ ಸರದಿ ಅವರದ್ದು. ಪ್ರಾಕ್ಟೀಸ್ ಮಾಡಿ!" ಎಂದು ಗದರಿ ಒಳಗೆ ನಡೆದರು.

ಹೋದ ವರ್ಷ ಊರಲ್ಲಿ ತೀರಿಕೊಂಡರಂತೆ. ಕೊನೆಗೊಮ್ಮೆ ಮುಖ ನೋಡಲಿಕ್ಕೂ ಆಗಲಿಲ್ಲ...

ಆ ದೊಡ್ಡ ಲೀಗ್ ಯಾವತ್ತೋ ಮುಚ್ಚಿಹೋಗಿದೆ. ನಮ್ಮ ಪಂದ್ಯ ನಿಂತಿಲ್ಲ, ನಿಲ್ಲಿಸುವುದೂ ಇಲ್ಲ. ಎರಡೂ ಕಡೆಯವರಿಗೆ ಮಂಡಿನೋವು ಬಂದಿದೆ, ಜೊತೆಗೆ ಆಡಲು ನಮ್ಮ ನಮ್ಮ ಹೆಣ್ಣುಮಕ್ಕಳೂ ಬಂದಿದ್ದಾರೆ. ಈ ಶುಕ್ರವಾರ ಊಟ ನಮ್ಮದು. ಮಗಳಂತೂ ಕುಂಟುತ್ತಲೇ, "ಐ ಆಮ್ ಪ್ಲೇಯಿಂಗ್, ಅಮ್ಮ" ಅಂದಳು. ನಾನು ಎಣ್ಣೆಯ ಸೀಸೆಯನ್ನು ಚೀಲಕ್ಕೆ ಹಾಕಿದೆ.

ನೆಟ್ ಈಗ ನಾನೇ ಕಟ್ಟುತ್ತೇನೆ. ಸಡಿಲವಾದರೆ ಗದರಲಿಕ್ಕೆ ಸರ್ ಇಲ್ಲ.