ಜಂಪಣ್ಣ ಕೇಳುತ್ತಿದ್ದ ರೇಟು

ನನ್ನ ತಂಗಿ ಸೂರಮ್ಮನ ಗಂಡ ಜಂಪಣ್ಣ ಕುರಿ ದಲ್ಲಾಳಿ. ಚಳ್ಳಕೆರೆ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಅದುಮಿಯೇ ಬೆಲೆ ಮಾತಾಡುವವನು. ತೆಲುಗಿನವರೂ ಅವನ ಬೆರಳಿಗೆ ಒಪ್ಪುತ್ತಿದ್ದರು. ಹೊಂದದಿದ್ದರೆ ಟವೆಲ್ ಕೊಡವಿ ಎದ್ದು ನಡೆಯುತ್ತಿದ್ದ. ನಾಲ್ಕು ಮಾರು ಹೋಗುವುದರೊಳಗೆ ಮಾರುವವನೇ ಕೂಗಿ ಕರೆಯುತ್ತಿದ್ದ.

ತೊಂಬತ್ತೆಂಟರಲ್ಲಿ, ಶೇಂಗಾ ಕೀಳುವ ಕಾಲಕ್ಕೆ, ಸೂರಮ್ಮನಿಗೆ ಬಲಗಡೆ ಹೊಟ್ಟೆ ಹಿಡಿದುಕೊಂಡಿತು. ಚಳ್ಳಕೆರೆಯ ಒಂದು ಖಾಸಗಿ ಆಸ್ಪತ್ರೆಗೆ ಮೂವರೂ ಹೋದೆವು. ಅಪೆಂಡಿಕ್ಸ್, ಇವತ್ತೇ ತೆಗೆಯಬೇಕು, ಒಂಬತ್ತು ಸಾವಿರ ಎಂದರು. ದುಡ್ಡು ಅವನ ಸೊಂಟದಲ್ಲೇ ಇತ್ತು.

"ಆರಕ್ಕೆ ಮಾಡಿ ಮೇಡಂ" ಎಂದ. ದುಡ್ಡು ಕಟ್ಟಿಸಿಕೊಳ್ಳುವ ಹೆಂಗಸಿನ ಮುಂದೆ ಟವೆಲ್ ಹರವಿ ಕೈಯನ್ನೂ ಚಾಚಿದ.

"ಇದೇನು ಕುರಿ ಸಂತೇನೇನ್ರಿ? ಮತ್ತಿನ ಇಂಜೆಕ್ಷನ್ ಕೊಡೋ ಡಾಕ್ಟ್ರು, ಔಷಧಿ, ಮಂಚ ಎಲ್ಲಾ ಇದ್ರಾಗೇ ಐತೆ" ಎಂದಳು ಆಕೆ.

ಜಂಪಣ್ಣ ಎದ್ದುಬಿಟ್ಟ. ಸೂರಮ್ಮನನ್ನು ಗೇಟಿನಾಚೆಯ ಚಾ ಅಂಗಡಿಯಲ್ಲಿ ಕೂರಿಸಿದ.

"ನಂಗೆ ಕೂರಕಾಗಲ್ಲ" ಎಂದಳು ಅವಳು.

"ಸುಮ್ನಿರು, ಈಗ ಕರೀತಾರೆ."

ಎರಡು ಸಲ ಚಾ ಬಂತು. ಯಾರೂ ಕರೆಯಲಿಲ್ಲ.

ಬೇರೊಂದು ಊರಿನಲ್ಲಿ ಐದು ಸಾವಿರಕ್ಕೇ ಮಾಡುತ್ತಾರೆಂದು ಚಾ ಅಂಗಡಿಯವನು ಹೇಳಿದ. ಬಸ್ಸು ಹತ್ತಿದೆವು. ಅಲ್ಲಿ ಸೇರಿಸಿದ ಮೇಲೆ ತಿಳಿಯಿತು, ಐದು ಸಾವಿರ ಬರೀ ಕೊಯ್ಯುವುದಕ್ಕೆ. ಔಷಧಿ ಬೇರೆ, ಮಂಚದ ಬಾಡಿಗೆ ಬೇರೆ. ಮತ್ತಿನ ಡಾಕ್ಟರು ಆ ಆಸ್ಪತ್ರೆಯವರಲ್ಲ, ದಾವಣಗೆರೆಯಿಂದ ಬರಬೇಕು, ಅವರ ಫೀಜೂ ಬೇರೆ. ಅವರು ಬರುವಷ್ಟರಲ್ಲಿ ಒಳಗೆ ಒಡೆದು ಹೊಟ್ಟೆಯೆಲ್ಲ ಕೀವಾಗಿತ್ತು. ತಂಗಿ ಉಳಿಯಲಿಲ್ಲ.

ಜಂಪಣ್ಣ ದಲ್ಲಾಳಿ ಕೆಲಸ ಬಿಡಲಿಲ್ಲ. ಆದರೆ ಸಂತೆ ಮುಗಿದ ಮೇಲೆ ಆಸ್ಪತ್ರೆಗಳಿಗೆ ಹೋಗತೊಡಗಿದ. ಚಳ್ಳಕೆರೆ ಆಯಿತು, ಮೊಳಕಾಲ್ಮೂರು ಆಯಿತು, ಬಳ್ಳಾರಿಯೂ ಆಯಿತು.

"ಅಪೆಂಡಿಕ್ಸಿಗೆ ಎಷ್ಟು? ಅದ್ರಾಗೆ ಏನೇನು ಸೇರ್ತದೆ?"

ಮತ್ತಿನ ಡಾಕ್ಟರು ಅಲ್ಲೇ ಇರುತ್ತಾರಾ ಎಂದು ಬಿಡಿಸಿ ಬಿಡಿಸಿ ಕೇಳುತ್ತಿದ್ದ. ರೋಗಿ ಎಲ್ಲಿ ಎಂದು ಅವರು ಕೇಳಿದರೆ, "ಹೊರಗೆ ಕುಂತವ್ಳೆ" ಎನ್ನುತ್ತಿದ್ದ.

ಒಮ್ಮೆ ಬಳ್ಳಾರಿಗೆ ನಾನೂ ಜೊತೆಗೆ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಆಯಾ ಬಂದು ನೋಡಿದಳು.

"ಹೊಟ್ಟೆನೋವು ನಿಂಗಾ ಅಜ್ಜಿ?"

ನಾನು ಇಲ್ಲ ಎಂದೆ. ಅವಳ ಹಿಂದೆಯೇ ಬಂದ ಜಂಪಣ್ಣ ನನ್ನ ಪಕ್ಕದ ಖಾಲಿ ಜಾಗವನ್ನು ನೋಡುತ್ತ ನಿಂತ.

"ಒಸಿ ಸರ್ಕೊಂಡು ಕುತ್ಕ ಅಕ್ಕ, ಅವ್ಳಿಗೆ ಜಾಗ ಸಾಲ್ದು" ಎಂದ.

ನಾನು ಸರಿದು ಕುಳಿತೆ.